ಬೆಕ್ಕಿನ ಕಚ್ಚುಗಾಯ: ತೂತು ಮುಚ್ಚುತ್ತೆ, ಕೀವು ಒಳಗೇ ಉಳಿಯುತ್ತೆ

ಹೆಂಚಿನಮೇಲೆ · ಭಾನುವಾರ, ಬೆಳಗ್ಗೆ 9:10

ಗಂಡು ಬೆಕ್ಕು, 2 ವರ್ಷ, ತೂಕ 4 ಕೆ.ಜಿ., ಬೀಜ ತೆಗೆಸಿಲ್ಲ. ಜಗಳ ಆಗಿ ಮೂರು ದಿನ. ಮೊದಲ ದಿನ ಬಾಲದ ಬುಡದ ಹತ್ತಿರ ಎಳ್ಳಿನಷ್ಟು ಹಕ್ಕಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಇವತ್ತು ಅದೇ ಜಾಗ ನಿಂಬೆಹಣ್ಣಿನಷ್ಟು ಊದಿದೆ, ಮುಟ್ಟಿದರೆ ಬಿಸಿ, ಕೈ ಹಾಕಿದರೆ ಗುರ್ ಅನ್ನುತ್ತೆ. ಮೀನನ್ನೂ ಮೂಸಿ ಬಿಟ್ಟಿದೆ. ಮನೆಯಲ್ಲಿ ಬೆಟಾಡಿನ್, ಸವ್ಲಾನ್, ಡೋಲೊ 650 ಇವೆ. ಕ್ಲಿನಿಕ್ ತೆರೆಯುವುದು ನಾಳೆ. ಅಲ್ಲಿಯವರೆಗೆ ಏನು ಮಾಡಬಹುದು?

ಗುಳಿಗೆಲೆಕ್ಕ · 9:16

ಮೊದಲು ಡೋಲೊ ಎತ್ತಿಟ್ಟುಬಿಡಿ, ಬೆಕ್ಕಿಗೆ ಕೊಡಬೇಡಿ. ಅದರಲ್ಲಿರುವ ಪ್ಯಾರಾಸಿಟಮಾಲನ್ನು ನಿರಪಾಯ ಮಾಡಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆ.ಜಿ.ಗೆ 10 ಮಿ.ಗ್ರಾಂ.ನಷ್ಟಕ್ಕೇ ವಿಷ ಏರಿದ್ದುಂಟು. 4 ಕೆ.ಜಿ. ಬೆಕ್ಕಿಗೆ ಒಂದು 650 ಮಾತ್ರೆ ಅಂದರೆ ಕೆ.ಜಿ.ಗೆ 160 ದಾಟಿತು. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತೆ, ವಸಡು ಕಾಫಿಪುಡಿ ಬಣ್ಣಕ್ಕೆ ತಿರುಗುತ್ತೆ, ಮುಖ ಮತ್ತು ಪಂಜ ಊದುತ್ತವೆ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಯಾರಾದರೂ ಈಗಾಗಲೇ ಕೊಟ್ಟುಬಿಟ್ಟಿದ್ದರೆ ನಾಳೆವರೆಗೆ ಕಾಯುವಂತಿಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಇದೆ, ಎಷ್ಟು ಬೇಗ ಬಿದ್ದರೆ ಅಷ್ಟು ಕೆಲಸ ಮಾಡುತ್ತೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಇದೇ ಸಾಲಿನವು. ಅವು ಕೆಡಿಸುವುದು ಮೂತ್ರಪಿಂಡ.

ಸವ್ಲಾನಿನಲ್ಲಿ ಸೆಟ್ರಿಮೈಡ್ ಇದೆ. ಬೆಕ್ಕು ನೆಕ್ಕಿದರೆ ನಾಲಿಗೆ, ಬಾಯಿ ಸುಟ್ಟುಕೊಳ್ಳುತ್ತೆ. ಡೆಟಾಲ್ ಇನ್ನೂ ಕೆಟ್ಟದ್ದು, ಅದು ಫೀನಾಲ್ ಜಾತಿಯದು. ಬೆಕ್ಕಿನ ಸುತ್ತಮುತ್ತಲೇ ಬೇಡ. ನಿಮ್ಮ ಪಟ್ಟಿಯಲ್ಲಿ ಉಳಿಯುವುದು ಬೆಟಾಡಿನ್ ಒಂದೇ, ಅದೂ ನೀರು ಬೆರೆಸಿ.

ಪಶುವೈದ್ಯ_ಮಲೆನಾಡು · 9:48

ವಿವರ ನೋಡಿದರೆ ಕೀವುಗಟ್ಟಿದ ಕಚ್ಚುಗಾಯ ಎಂದೇ ತೋರುತ್ತೆ. ಬೆಕ್ಕಿನ ಕೋರೆಹಲ್ಲು ಗೋಣಿ ಹೊಲಿಯುವ ದಬ್ಬಣ ಇದ್ದ ಹಾಗೆ. ಚರ್ಮದ ಮೇಲೆ ಮಾಡುವ ತೂತು 2 ಮಿ.ಮೀ. ಕೂಡ ಇರಲ್ಲ, ಒಳಗೆ ಇಳಿಯುವುದು ಮಾತ್ರ ಒಂದು ಸೆಂ.ಮೀ.ವರೆಗೆ. ಬೆಕ್ಕಿನ ಚರ್ಮ ಸಡಿಲ. ಹಲ್ಲು ಹೊರಬಂದ ಕೂಡಲೇ ಮೇಲಿನ ಪದರ ಜಾರಿ ಒಳಗಿನ ಕೊಳವೆಯ ಬಾಯಿ ಮುಚ್ಚಿಹೋಗುತ್ತೆ, ಒಂದೆರಡು ದಿನದಲ್ಲಿ ಮೇಲೆ ಹಕ್ಕಳೆ ಕಟ್ಟುತ್ತೆ. ಹಲ್ಲಿನ ಜೊತೆ ಒಳಹೊಕ್ಕ ಪಾಶ್ಚುರೆಲ್ಲಾ ಮಲ್ಟೊಸಿಡಾ, ಸ್ಟ್ರೆಪ್ಟೊಕಾಕಸ್, ಗಾಳಿ ಬೇಡದ ಫ್ಯೂಸೊಬ್ಯಾಕ್ಟೀರಿಯಂ, ಬ್ಯಾಕ್ಟೀರಾಯ್ಡಿಸ್ ಎಂಬ ಬ್ಯಾಕ್ಟೀರಿಯಾಗಳಿಗೆಲ್ಲ ಬೆಚ್ಚಗಿನ, ಗಾಳಿಯಾಡದ ಗೂಡು ಸಿಕ್ಕಂತಾಯಿತು. 2ರಿಂದ 5 ದಿನಕ್ಕೆ ಬಾವು ಕಣ್ಣಿಗೆ ಬೀಳುತ್ತೆ. ಕೀವಿನ ನಾತ ಅಷ್ಟು ಕೆಟ್ಟದಾಗಿರುವುದು ಗಾಳಿ ಬೇಡದವುಗಳಿಂದ.

ಗಾಯ ಎಲ್ಲಿದೆ ಅನ್ನುವುದರಲ್ಲೂ ಒಂದು ಮಾತಿದೆ. ಎದುರಾಬದುರು ನಿಂತು ಕಾದಾಡಿದ್ದಕ್ಕೆ ಕೆನ್ನೆ, ಕಿವಿಯ ಬುಡ, ಕತ್ತು, ಮುಂಗಾಲಿನಲ್ಲಿ ಕಚ್ಚು ಇರುತ್ತೆ. ಬಾಲದ ಬುಡ, ಹಿಂಗಾಲು, ಸೊಂಟದಲ್ಲಿದ್ದರೆ ಓಡಿಹೋಗುವಾಗ ಸಿಕ್ಕಿಬಿದ್ದದ್ದು. ಹುಡುಕುವಾಗ ಒಂದೇ ತೂತಿಗೆ ನಿಲ್ಲಿಸಬೇಡಿ: ದವಡೆಯಲ್ಲಿ ಕೋರೆಹಲ್ಲು ಮೇಲೆ ಎರಡು, ಕೆಳಗೆ ಎರಡು. ಕೂದಲನ್ನು ಎದುರುದಿಕ್ಕಿಗೆ ಊದಿ ನೋಡಿ, ಬೆರಳ ತುದಿಗೆ ಸಾಸಿವೆಯಂಥ ಹಕ್ಕಳೆಗಳು ಸಿಗುತ್ತವೆ, ಅಕ್ಕಪಕ್ಕದ ಕೂದಲು ಎಂಜಲಿಂದ ಕುಂಚದಂತೆ ಅಂಟಿಕೊಂಡಿರುತ್ತೆ.

ಈಗ ಜ್ವರ ನೋಡಿ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿ 2 ಸೆಂ.ಮೀ. ಒಳಗೆ, ಗೋಡೆಗೆ ತಾಗುವ ಹಾಗೆ ಓರೆಯಾಗಿ ಹಿಡಿಯಿರಿ. ಮಲದ ಉಂಡೆಯೊಳಗೆ ಚುಚ್ಚಿದರೆ ಅಂಕಿ ಕಡಿಮೆ ಬರುತ್ತೆ. ಸಹಜ ಅಂದರೆ 100.5ರಿಂದ 102.5 ಫ್ಯಾ. 103 ದಾಟಿದ್ದರೆ ಜ್ವರ. 104 ದಾಟಿದ್ದರೆ ನಾಳೆಯ ಮಾತು ಬಿಡಿ, ಇವತ್ತೇ ತೆರೆದಿರುವ ಜಾಗ ಹುಡುಕಿ. 99ಕ್ಕಿಂತ ಕೆಳಗಿದ್ದರೆ ಅದು ಜ್ವರಕ್ಕಿಂತ ಕೆಟ್ಟದ್ದು, ನಂಜು ರಕ್ತಕ್ಕೇರಿ ಬೆಕ್ಕು ಕುಸಿಯುತ್ತಿದೆ ಎಂದೇ ಹಿಡಿಯಿರಿ.

ಹೆಂಚಿನಮೇಲೆ · 10:05

103.4 ಇದೆ. ವಸಡು ಗುಲಾಬಿಯಾಗಿಯೇ ಇದೆ. ನೀರು ಕುಡಿಯುತ್ತಿದೆ. ಬಾವು ಗಟ್ಟಿ, ನಡುವೆ ಸ್ವಲ್ಪ ಮೆತ್ತಗೆ.

ಪಶುವೈದ್ಯ_ಮಲೆನಾಡು · 10:12

ಹಾಗಾದರೆ ನಾಳೆ ಬೆಳಗ್ಗೆವರೆಗೆ ತಡೆಯಬಹುದು. ರಾತ್ರಿ ಮಲಗುವ ಮುಂಚೆ ಇನ್ನೊಂದು ಸಲ ಜ್ವರ ನೋಡಿ.

ಬಿಸಿ ಶಾಖ ಕೊಡಿ. ನಿಮ್ಮ ಮೊಣಕೈ ಒಳಭಾಗ ಸಹಿಸುವಷ್ಟು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಬಾವಿನ ಮೇಲೆ 5ರಿಂದ 10 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಆರಿದ ಹಾಗೆ ಮತ್ತೆ ಅದ್ದಬೇಕು. ಹಿಚುಕಬೇಡಿ. ಹಿಚುಕಿದರೆ ಕೀವು ಹೊರಗೆ ಬರುವುದಕ್ಕಿಂತ ಸಡಿಲ ಚರ್ಮದ ಅಡಿಯಲ್ಲಿ ಪಕ್ಕಕ್ಕೆ ಹರಿದು ಗೂಡು ದೊಡ್ಡದಾಗುತ್ತೆ. ತಾನಾಗಿ ಒಡೆದರೆ ಒಳ್ಳೆಯದೇ, ಒರೆಸಿ ತೊಳೆದು ಬಿಡಿ. ಬೆಕ್ಕನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಹೊರಗೆ ಬಿಡಬೇಡಿ. ನೋವಿರುವ ಬೆಕ್ಕು ಅಟ್ಟ, ಸೌದೆರಾಶಿ ಹೊಕ್ಕು ಮೂರು ದಿನ ಹೊರಗೆ ಬರದೆ ಇರುತ್ತೆ.

ಧಾರವಾಡಮಂದಿ · 10:40

ಡಾಕ್ಟರ್ ಸಾಹೇಬ್ರ, ನಮ್ಮ ಕಡೆ ಇಂಥಾ ಬಾವಿಗೆ ಸುಣ್ಣ ಅರಿಶಿಣ ಕಲಿಸಿ ಹಚ್ಚತಾರ್ರೀ. ಎತ್ತಿಗೆ ಹಚ್ಚೋದನ್ನ ನೋಡಿದ ಮಂದಿ ಬೆಕ್ಕಿಗೂ ಅದನ್ನ ಬಳೀತಾರ. ಇನ್ನ ಕೆಲವರು ಬ್ಲೇಡ್ ಕಾಸಿ ಮನಿಯಾಗ ಕೊಯ್ಯತಾರ. ಬಾವು ಹಣ್ಣಾಗಿದ್ರ ಕೊಯ್ದ್ರ ತಪ್ಪೇನೈತ್ರೀ?

ಪಶುವೈದ್ಯ_ಮಲೆನಾಡು · 11:20

ಎರಡೂ ಬೇಡ ರೀ. ಎತ್ತಿನ ಚರ್ಮದ ದಪ್ಪವೇ ಬೇರೆ, ಎತ್ತು ತನ್ನ ಮೈಯನ್ನು ದಿನಕ್ಕೆ ಮೂರು ನಾಲ್ಕು ಗಂಟೆ ನೆಕ್ಕುತ್ತಾ ಕೂರುವುದಿಲ್ಲ. ಸುಣ್ಣ ಕ್ಷಾರ, ತೆಳು ಚರ್ಮವನ್ನೂ ಸುಡುತ್ತೆ, ನೆಕ್ಕಿದರೆ ಬಾಯಿಯನ್ನೂ ಸುಡುತ್ತೆ. ಬರೀ ಅರಿಶಿನದ್ದು ಬೇರೆ ತೊಂದರೆ. ಅದು ವಿಷವಲ್ಲ, ಆದರೆ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿ ತೂತನ್ನು ಮೆತ್ತಿಬಿಡುತ್ತೆ. ನಮಗೆ ಬೇಕಾದದ್ದು ತೂತು ತೆರೆದಿರುವುದು. ಅಡುಗೆಮನೆಯ ಅರಿಶಿನದಲ್ಲಿ ಮಣ್ಣಿನ ಬೀಜಾಣುಗಳೂ ಇರುತ್ತವೆ, ಹಳದಿ ಬಣ್ಣದ ಕೆಳಗೆ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ಅನ್ನುವುದೂ ತಿಳಿಯದೆ ಹೋಗುತ್ತೆ.

ಮನೆಯಲ್ಲಿ ಕೊಯ್ಯುವುದಕ್ಕೆ ಮೊದಲ ಅಡ್ಡಿ ನೋವು, ಅದು ಹೇಳಬೇಕಾದ್ದೇ ಇಲ್ಲ. ಎರಡನೆಯದು, ಊದಿದ್ದೆಲ್ಲ ಕೀವಲ್ಲ. ಬಾಲದ ಬುಡದ ಕೆಳಗೆ, ಗುದದ ಎಡಕ್ಕೋ ಬಲಕ್ಕೋ ಇದ್ದರೆ ಗುದಗ್ರಂಥಿ ಬಾತದ್ದಾಗಿರಬಹುದು. ಕಣ್ಣಿನ ಕೆಳಗಿನ ಬಾವು ಹಲ್ಲಿನ ಬೇರಿನದ್ದಿರಬಹುದು. ಹೊಟ್ಟೆಯ ಕೆಳಭಾಗದ ಮೆತ್ತನೆಯ ಉಬ್ಬು ಹರ್ನಿಯಾ ಆಗಿದ್ದು ಒಳಗೆ ಕರುಳಿದ್ದರೆ ಬ್ಲೇಡ್ ಹಾಕಿದವರ ಗತಿ ಏನು? ಕ್ಲಿನಿಕ್ಕಿನಲ್ಲಿ ಮೊದಲು ಸೂಜಿ ಚುಚ್ಚಿ ಒಂದು ಹನಿ ಎಳೆದು ನೋಡಿದ ಮೇಲೇ ಕೊಯ್ಯುವುದು.

ಹಾಂ, ಹಾವಿನದೊಂದು ಮಾತು. ಮಲೆನಾಡು, ಕರಾವಳಿಯಲ್ಲಿ ಪಂಜ ಅಥವಾ ಮೂತಿ ಒಂದೆರಡು ಗಂಟೆಯೊಳಗೇ ದಪ್ಪಗಾಗಿ, ಚರ್ಮ ನೇರಳೆಯಾಗಿ, ತೂತಿನಿಂದ ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದರೆ ಅದು ಮಂಡಲದ ಹಾವಿನ ಲಕ್ಷಣ. ಕೀವಿನ ಬಾವಿಗೆ ದಿನಗಳು ಬೇಕು, ವಿಷದ ಬಾವಿಗೆ ಗಂಟೆಗಳು ಸಾಕು.

ಕೊತ್ತಿಕಾವಲು · 12:02

ಬೆಟಾಡಿನ್ ಎಷ್ಟಕ್ಕೆ ಎಷ್ಟು ಅಂತ ಯಾರೂ ಹೇಳಲಿಲ್ಲ. ಬಾಟಲಿಯ ಮೇಲೆ ಏನಿದೆ ಓದಿ. 10% ದ್ರಾವಣವಾದರೆ 100 ಮಿ.ಲೀ. ನಾರ್ಮಲ್ ಸಲೈನಿಗೆ 1 ಮಿ.ಲೀ., 5% ಆದರೆ 2 ಮಿ.ಲೀ. ಹಾಲು ಹಾಕದ ತಿಳಿ ಚಹಾದ ಬಣ್ಣ ಬರಬೇಕು. ಡಿಕಾಕ್ಷನ್ ಬಣ್ಣ ಬಂತೆಂದರೆ ಜಾಸ್ತಿಯಾಯಿತು. ಗಟ್ಟಿ ಬೆಟಾಡಿನ್ ಕ್ರಿಮಿಯ ಜೊತೆಗೆ ಹೊಸದಾಗಿ ಮೂಡುವ ಮಾಂಸವನ್ನೂ ಸುಡುತ್ತೆ. 7.5% ಅಂತ ಬರೆದಿದ್ದರೆ ಅದು ನೊರೆ ಬರುವ ಸ್ಕ್ರಬ್, ಕೈ ತೊಳೆಯುವುದಕ್ಕೆ, ಗಾಯದೊಳಗೆ ಹಾಕುವಂತಿಲ್ಲ.

ಸಲೈನ್ ಸಿಗದಿದ್ದರೆ ಅರ್ಧ ಲೀಟರ್ ನೀರು ಕುದಿಸಿ ಮುಕ್ಕಾಲು ಟೀ ಚಮಚ ಪುಡಿ ಉಪ್ಪು ಹಾಕಿ ಆರಿಸಿ. ಅವತ್ತಿನದು ಅವತ್ತಿಗೆ, ಉಳಿದದ್ದು ಚೆಲ್ಲಿ.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ನೊರೆಯಾಗಿ ಬರುವುದು ನೋಡಿ ಖುಷಿಪಡುವವರಿದ್ದಾರೆ. ಮುಚ್ಚಿದ ಗೂಡಿನೊಳಗೆ ಅದನ್ನು ಒತ್ತಿದರೆ ಗಾಳಿಗುಳ್ಳೆ ರಕ್ತನಾಳಕ್ಕೆ ಸೇರುವ ಅಪಾಯ ಇದೆ. ಬೇಡ.

ಅಲೆಮಾರಿ_ಓದುಗ · 12:30

ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ 0.2% ಎಲ್ಲ ಮೆಡಿಕಲ್‌ನಲ್ಲೂ ಸಿಗುತ್ತಲ್ಲ, ಅದನ್ನೇ ನಾಲ್ಕು ಪಟ್ಟು ತೆಳು ಮಾಡಿದರೆ 0.05% ಆಗುತ್ತೆ. ಗಾಯಕ್ಕೆ ಬೇಕಾದದ್ದು ಅಷ್ಟೇ ಅಲ್ಲವೇ?

ಗುಳಿಗೆಲೆಕ್ಕ · 12:41

ಗಣಿತ ಸರಿ, ಬಾಟಲಿ ತಪ್ಪು. ಮೌತ್‌ವಾಶ್‌ನಲ್ಲಿ ಪುದಿನ ಎಣ್ಣೆ, ಸಿಹಿಕಾರಕ, ಬಣ್ಣ, ಕೆಲವದರಲ್ಲಿ ಆಲ್ಕೋಹಾಲ್ ಸೇರಿಸಿರುತ್ತಾರೆ. ಬರೀ ಕ್ಲೋರ್‌ಹೆಕ್ಸಿಡಿನ್ ಗ್ಲುಕೊನೇಟ್ 2% ದ್ರಾವಣ ಸಿಕ್ಕರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 25 ಮಿ.ಲೀ. ಸಲೈನಿಗೆ ಬೆರೆಸಿದರೆ ಸ್ವಲ್ಪ ಹೊತ್ತಿಗೆ ಮಡ್ಡಿ ಕಟ್ಟುತ್ತೆ, ಹಾಗಾಗಿ ನೀರು. ಕಣ್ಣಿನ ಹತ್ತಿರ, ಕಿವಿಯೊಳಗೆ ಕ್ಲೋರ್‌ಹೆಕ್ಸಿಡಿನ್ ಬೇಡವೇ ಬೇಡ. ಮುಖದ ಗಾಯಕ್ಕೆ ತೆಳು ಬೆಟಾಡಿನ್ ಅಥವಾ ಬರೀ ಸಲೈನ್. ನಿಜ ಹೇಳಬೇಕೆಂದರೆ ನೀರಿಗೆ ಏನು ಬೆರೆಸಿದಿರಿ ಅನ್ನುವುದಕ್ಕಿಂತ ಎಷ್ಟು ನೀರು ಹರಿಸಿದಿರಿ ಅನ್ನುವುದೇ ಗಾಯಕ್ಕೆ ಮುಖ್ಯ.

ಹೆಂಚಿನಮೇಲೆ · ಸೋಮವಾರ, ಮಧ್ಯಾಹ್ನ 1:15

ಬೆಳಗ್ಗೆ 104.1 ಆಗಿತ್ತು. ಅರಿವಳಿಕೆ ಕೊಟ್ಟು ಕೊಯ್ದರು. ಸುಮಾರು 15 ಮಿ.ಲೀ. ಕೀವು. ಮೆತ್ತನೆಯ ರಬ್ಬರ್ ಪಟ್ಟಿಯೊಂದನ್ನು ಎರಡು ತೂತಿನ ನಡುವೆ ತೂರಿಸಿ ಎರಡೂ ಕಡೆ ಒಂದೊಂದು ಹೊಲಿಗೆ ಹಾಕಿದ್ದಾರೆ. ಕೊಯ್ದ ಬಾಯಿಯನ್ನು ಮಾತ್ರ ಹೊಲಿಯದೆ ಹಾಗೇ ಬಿಟ್ಟಿದ್ದಾರೆ. ಅದು ಸರಿಯೇ? ಅಮಾಕ್ಸಿಸಿಲಿನ್-ಕ್ಲಾವುಲನೇಟ್ 62.5 ಮಿ.ಗ್ರಾಂ. ದಿನಕ್ಕೆರಡು, 7 ದಿನ. ಮನೆಯಲ್ಲಿ ದಿನಾ ತೊಳೆಯಲು ಹೇಳಿದ್ದಾರೆ.

ಡ್ರೆಸ್ಸಿಂಗ್_ಟೇಬಲ್ · 2:30

ಸರಿಯೇ. ಕೀವಿದ್ದ ಗೂಡನ್ನು ಹೊಲಿದರೆ ನಾಲ್ಕನೇ ದಿನಕ್ಕೆ ಮತ್ತೆ ಅದೇ ನಿಂಬೆಹಣ್ಣು. ಒಳಗಿಂದ ಮಾಂಸ ತುಂಬುತ್ತಾ ಬಂದು ಕೊನೆಗೆ ಚರ್ಮ ಮುಚ್ಚಬೇಕು, ಅದಕ್ಕೇ ಕೊಯ್ಯುವಾಗ ಬಾವಿನ ಅತ್ಯಂತ ಕೆಳಗಿನ ಜಾಗ ಹುಡುಕಿ 1ರಿಂದ 1.5 ಸೆಂ.ಮೀ. ಬಾಯಿ ಮಾಡುತ್ತಾರೆ. ಆ ರಬ್ಬರ್ ಪಟ್ಟಿಗೆ ಪೆನ್ರೋಸ್ ಡ್ರೇನ್ ಅನ್ನುತ್ತಾರೆ. ಕೀವು ಹರಿಯುವುದು ಅದರ ಒಳಗಿನಿಂದ ಅಲ್ಲ, ಮೈಮೇಲಿಂದ, ಅಂದರೆ ರಬ್ಬರಿಗೂ ಮಾಂಸಕ್ಕೂ ನಡುವಿನ ಸಂದಿಯಿಂದ. ಹಾಗಾಗಿ ಎರಡೂ ತುದಿ ಹೊರಗೆ ಕಾಣುತ್ತಿರಬೇಕು, ಸುತ್ತ ಒಣಗಿದ ಹಕ್ಕಳೆ ಕೂರಬಾರದು. 3ರಿಂದ 5 ದಿನಕ್ಕೆ ತೆಗೆಯುತ್ತಾರೆ. ಬೆಕ್ಕು ಎಳೆದು ಒಂದು ತುದಿ ಮಾಯವಾಗಿದ್ದರೆ, ನುಂಗಿತು ಅಂತ ಸುಮ್ಮನಾಗಬೇಡಿ, ತುಂಡು ಒಳಗೇ ಉಳಿದಿರಬಹುದು. ಸಿಕ್ಕ ತುಂಡನ್ನು ಕ್ಲಿನಿಕ್ಕಿಗೆ ಒಯ್ದು ಅಳತೆ ಹೊಂದಿಸಿ ನೋಡಿ.

ತೊಳೆಯುವ ಕ್ರಮ ಹೇಳುತ್ತೇನೆ, ಇಲ್ಲಿ ತಪ್ಪುವವರೇ ಜಾಸ್ತಿ.

ಇಬ್ಬರು ಬೇಕು. ಒಬ್ಬರು ದಪ್ಪ ಟವೆಲಿನಲ್ಲಿ ಬೆಕ್ಕಿನ ತಲೆ ಹೊರಗಿಟ್ಟು, ನಾಲ್ಕೂ ಕಾಲು ಒಳಗೆ ಬರುವಂತೆ ಸುತ್ತಿ ಎದೆಗೆ ಆನಿಸಿಕೊಳ್ಳಲಿ. ಸೊಂಟದ ಭಾಗ ಮಾತ್ರ ಹೊರಗಿರಲಿ. ತೊಳೆಯುವವರು ಕೈಗವಸು ಹಾಕಿಕೊಳ್ಳಿ. ನೀರು ಉಗುರುಬೆಚ್ಚಗಿರಲಿ, ತಣ್ಣೀರು ಬಿದ್ದರೆ ಬೆಕ್ಕು ಎಗರುತ್ತೆ, ಮಾರನೆಯ ದಿನ ಸಿರಿಂಜ್ ಕಂಡ ಕೂಡಲೇ ಮಂಚದಡಿ ಸೇರುತ್ತೆ. ಸುತ್ತಲಿನ ಹಕ್ಕಳೆಯ ಮೇಲೆ ಒದ್ದೆ ಗಾಜ್ 2-3 ನಿಮಿಷ ಇಟ್ಟು ಮೆತ್ತಗಾದ ಮೇಲೆ ಮೇಲಿನಿಂದ ಕೆಳಕ್ಕೆ ಒರೆಸಿ. ಒಣಗಿದ್ದನ್ನು ಉಗುರಿನಿಂದ ಕಿತ್ತರೆ ರಕ್ತ ಬರುತ್ತೆ.

20 ಮಿ.ಲೀ. ಸಿರಿಂಜ್, ಸೂಜಿ ಇಲ್ಲದೆ. ಮೂತಿಯನ್ನು ಮೇಲಿನ ತೂತಿನ ಬಾಯಿಗೆ ತಂದು ಸಾವಕಾಶವಾಗಿ ಒತ್ತಿ. ಕೆಳಗಿನ ತೂತಿನಿಂದ ಹೊರಗೆ ಬರಬೇಕು. ಹಾಕಿದ 20ರಲ್ಲಿ 20 ಹೊರಬಂತೇ ಅಂತ ಕಣ್ಣಿಡಿ. ಬರದೆ ಚರ್ಮ ಗುಳ್ಳೆಯಂತೆ ಉಬ್ಬಿದರೆ ಕೆಳಬಾಯಿ ಮುಚ್ಚಿಕೊಂಡಿದೆ, ಅಲ್ಲೇ ನಿಲ್ಲಿಸಿ, ಕೆಳಗಿನ ಹಕ್ಕಳೆ ಬಿಡಿಸಿ, ಆಮೇಲೆ ಮುಂದುವರಿಸಿ. ಒಂದು ಸಲಕ್ಕೆ 60ರಿಂದ 100 ಮಿ.ಲೀ., ಬರುವ ನೀರು ತಿಳಿಯಾಗುವವರೆಗೆ. ದಿನಕ್ಕೆ ಎರಡು ಸಲ. ಆಮೇಲೆ ಒಣ ಗಾಜ್ ಒತ್ತಿ ತೆಗೆಯಿರಿ. ಹತ್ತಿ ಬೇಡ, ಎಳೆ ಬಿಟ್ಟು ಗಾಯದೊಳಗೆ ಉಳಿಯುತ್ತೆ. ಪುಡಿ, ಮುಲಾಮು ಯಾವುದನ್ನೂ ತೂತಿಗೆ ತುಂಬಬೇಡಿ.

ಮೊದಲ ದಿನ ಬರುವುದು ಕಂದು ಮಿಶ್ರಿತ ಗುಲಾಬಿ, ನಾತ ಇರುತ್ತೆ. ಮೂರನೇ ದಿನಕ್ಕೆ ನಾತ ಹೋಗಿ ಒಣಹುಲ್ಲಿನ ಬಣ್ಣದ ತಿಳಿ ನೀರಾಗಬೇಕು. ಐದಕ್ಕೆ ಅಂಚಿನೊಳಗೆ ದಾಳಿಂಬೆ ಕಾಳಿನಂತೆ ಕೆಂಪಗೆ, ಹೊಳೆಯುವ ಮಾಂಸ ಕಂಡರೆ ಸರಿದಾರಿ. ಬೂದು ಅಥವಾ ಕಪ್ಪು ಚರ್ಮ, ತಣ್ಣಗೆ, ಮುಟ್ಟಿದರೆ ನೋವೇ ಇಲ್ಲ ಅನ್ನುವಂತಿದ್ದರೆ ಆ ಚರ್ಮ ಸತ್ತಿದೆ, ಕತ್ತರಿಸಿ ತೆಗೆಯಬೇಕಾಗುತ್ತೆ.

ಕೊತ್ತಿಕಾವಲು · 3:05

ಕೂದಲ ಬಗ್ಗೆ ಒಂದು ಸೇರಿಸುತ್ತೇನೆ. ಕತ್ತರಿಯಿಂದ ಕತ್ತರಿಸಲು ಹೋಗಬೇಡಿ; ಕೂದಲು ಎಳೆದ ಕೂಡಲೇ ಸಡಿಲ ಚರ್ಮವೂ ಡೇರೆಯಂತೆ ಎದ್ದು ಕತ್ತರಿಗೆ ಸಿಗುತ್ತೆ. ಟ್ರಿಮ್ಮರ್ ಇದ್ದರೆ ಸರಿ, ಇಲ್ಲದಿದ್ದರೆ ಬಿಟ್ಟುಬಿಡಿ. ಟ್ರಿಮ್ ಮಾಡುವ ಮುಂಚೆ ಗಾಯದ ಬಾಯಿಗೆ ನೀರಲ್ಲಿ ಕರಗುವ ಲೂಬ್ರಿಕೆಂಟ್ ಜೆಲ್ಲಿ ತುಂಬಿ. ಉದುರುವ ಕೂದಲು ಜೆಲ್ಲಿಗೆ ಅಂಟುತ್ತೆ, ಆಮೇಲೆ ಜೆಲ್ಲಿಯ ಜೊತೆಗೇ ತೊಳೆದುಹೋಗುತ್ತೆ.

ಅಲೆಮಾರಿ_ಓದುಗ · 3:40

62.5ರ ಬದಲು ಮನುಷ್ಯರ 625 ಮಾತ್ರೆಯನ್ನೇ ಹತ್ತು ಭಾಗ ಮಾಡಿದರೆ ಹಣ ಉಳಿಯುತ್ತಲ್ಲ?

ಗುಳಿಗೆಲೆಕ್ಕ · 3:58

ಲೆಕ್ಕದಲ್ಲಿ ಹೌದು: 625ರಲ್ಲಿ 500 ಅಮಾಕ್ಸಿಸಿಲಿನ್, 125 ಕ್ಲಾವುಲನೇಟ್, ಅಂದರೆ 4:1, ಬೆಕ್ಕಿನ 62.5ರಲ್ಲೂ 50 ಮತ್ತು 12.5, ಅದೇ 4:1. ಕೈಯಲ್ಲಿ ಮಾತ್ರ ಆಗಲ್ಲ. ಚಾಕುವಿನಿಂದ ಹತ್ತು ಸಮಪಾಲು ಮಾಡಿದವರು ಯಾರೂ ಇಲ್ಲ. ಮೇಲಿನ ಕವಚ ಒಡೆದ ಕೂಡಲೇ ಕ್ಲಾವುಲನೇಟ್ ಗಾಳಿಯ ತೇವ ಹೀರಿ ಕೆಡುತ್ತೆ, ಮಳೆಗಾಲದಲ್ಲಿ ಎರಡನೇ ದಿನಕ್ಕೇ ತುಂಡು ಹಳದಿಯಾಗಿ ಅಂಟಂಟಾಗುತ್ತೆ. 375 ಮಾತ್ರೆ ಬೇರೆಯೇ ಪ್ರಮಾಣದ್ದು, 250ಕ್ಕೆ 125. ಮಕ್ಕಳ ಒಣ ಸಿರಪ್ 228.5 ಇದೆಯಲ್ಲ, ಅದು 7:1. ಮಾತ್ರೆ ಹಾಕಲು ಬಿಡದ ಬೆಕ್ಕಿಗೆ ಡಾಕ್ಟರು ಅದನ್ನೇ ಬರೆಯುವುದುಂಟು, ಆಗ ಎಷ್ಟು ಮಿ.ಲೀ. ಎಂದು ಅವರೇ ಹೇಳಬೇಕು. ಕಲಸಿದ ಮೇಲೆ ಫ್ರಿಜ್‌ನಲ್ಲಿ, 7 ದಿನಕ್ಕೆ ಚೆಲ್ಲಬೇಕು.

ಬೆಕ್ಕಿಗೆ ಕೊಡುವ ಪ್ರಮಾಣ, ಅಮಾಕ್ಸಿಸಿಲಿನ್ ಲೆಕ್ಕದಲ್ಲಿ, ಕೆ.ಜಿ.ಗೆ 12.5 ಮಿ.ಗ್ರಾಂ., 12 ಗಂಟೆಗೊಮ್ಮೆ. ಊಟದ ಜೊತೆ ಕೊಟ್ಟರೆ ವಾಂತಿ ಕಡಿಮೆ.

ಪಶುವೈದ್ಯ_ಮಲೆನಾಡು · 4:30

ಆಂಟಿಬಯೋಟಿಕ್ ಬಗ್ಗೆ ಒಂದು ತಕರಾರು ನನ್ನದೂ ಇದೆ. ನಾಯಿಗೆ, ದನಕ್ಕೆ ಕೈಗೆ ಸಿಗುವುದು ಎನ್‌ರೊಫ್ಲಾಕ್ಸಸಿನ್ ಅಂತ ಬೆಕ್ಕಿಗೂ ಅದನ್ನೇ ಹಾಕುವ ರೂಢಿ ಬಹಳ ಕಡೆ ಇದೆ. ಬೆಕ್ಕಿಗೆ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ. ದಾಟಿದರೆ ಅಕ್ಷಿಪಟಲ ಕೆಟ್ಟು ಕಣ್ಣು ಹೋಗಬಹುದು, ಹೋದ ದೃಷ್ಟಿ ಸಾಮಾನ್ಯವಾಗಿ ಮರಳದು. 4 ಕೆ.ಜಿ. ಬೆಕ್ಕಿಗೆ ಮಿತಿ 20 ಮಿ.ಗ್ರಾಂ.; ನಾಯಿಯ ಮಾತ್ರೆ 50, 150. ಇಷ್ಟೆಲ್ಲ ಅಪಾಯಕ್ಕೆ ಕೈಯೊಡ್ಡಿದರೂ ಗಾಳಿ ಬೇಡದ ಬ್ಯಾಕ್ಟೀರಿಯಾದ ಮೇಲೆ ಅದರ ಆಟ ಅಷ್ಟಕ್ಕಷ್ಟೆ. ಕ್ಲಿಂಡಾಮೈಸಿನ್ ಅವುಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಪಾಶ್ಚುರೆಲ್ಲಾ ಅದಕ್ಕೆ ಬಗ್ಗಲ್ಲ. ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲೇ ಹುಣ್ಣು ಮಾಡಿ ನಾಳವನ್ನು ಕಿರಿದಾಗಿಸುತ್ತೆ. ಕೊಟ್ಟ ಮೇಲೆ 5-6 ಮಿ.ಲೀ. ನೀರು ಸಿರಿಂಜ್‌ನಿಂದ ಕುಡಿಸಲೇಬೇಕು.

ಕೀವು ಹೊರಬಂದು ಗೂಡು ತೊಳೆದ ಗಾಯಕ್ಕೆ ಔಷಧದ ಪಾಲು ಚಿಕ್ಕದು. ಕೊಯ್ಯದೆ ಬರೀ ಇಂಜೆಕ್ಷನ್ ಕೊಟ್ಟಾಗ ಜ್ವರ ಇಳಿದು, ಬೆಕ್ಕು ತಿಂದು, ಎಲ್ಲ ಸರಿಹೋಯಿತು ಅನ್ನಿಸಿ ವಾರದ ಮೇಲೆ ಬಾವು ಮತ್ತೆ ಎದ್ದುಬರುವುದು ಏಕೆಂದರೆ ಕೀವಿನ ನಡುವಿಗೆ ರಕ್ತ ಹೋಗುವುದಿಲ್ಲ, ರಕ್ತ ಹೋಗದ ಕಡೆ ಔಷಧವೂ ಹೋಗುವುದಿಲ್ಲ.

ನೋವಿಗೆ ಮೆಲಾಕ್ಸಿಕಾಮ್ ಬರೆದಿದ್ದರೆ ಬಾಟಲಿ ನೋಡಿಕೊಳ್ಳಿ. ಬೆಕ್ಕಿನದು 0.5 ಮಿ.ಗ್ರಾಂ./ಮಿ.ಲೀ., ನಾಯಿಯದು 1.5. ಅದಲುಬದಲಾದರೆ ಮೂರು ಪಟ್ಟು. ಮನುಷ್ಯರ 7.5 ಮಿ.ಗ್ರಾಂ. ಮಾತ್ರೆ ಒಂದರಲ್ಲಿ, ಕೆ.ಜಿ.ಗೆ 0.05ರಂತೆ, ಈ ಬೆಕ್ಕಿನ 37 ದಿನದ ಮದ್ದಿದೆ. ನೀರು ಕುಡಿಯದೆ ಒಣಗಿರುವ ಬೆಕ್ಕಿಗೆ ಸರಿಯಾದ ಪ್ರಮಾಣವೂ ಮೂತ್ರಪಿಂಡಕ್ಕೆ ಹೊಡೆತ.

ಧಾರವಾಡಮಂದಿ · ಮಂಗಳವಾರ, ಬೆಳಗ್ಗೆ 8:20

ಬೀದಿ ಬೆಕ್ಕಿಗೆ ಬಾವು ಒಡದು ಹುಳ ಬಿದ್ದಿರತಾವ್ರೀ. ಮಂದಿ ಫಿನಾಯಿಲ್ ಸುರೀತಾರ, ಡಾಂಬರ್ ಗುಳಿಗಿ ಪುಡಿ ಮಾಡಿ ತುಂಬತಾರ. ಸರಿ ಉಪಾಯ ಏನ್ರೀ?

ಡ್ರೆಸ್ಸಿಂಗ್_ಟೇಬಲ್ · 9:00

ಫಿನಾಯಿಲ್, ಡಾಂಬರ್ ಗುಳಿಗೆ, ಸೀಮೆಎಣ್ಣೆ, ಟರ್ಪೆಂಟೈನ್ ಯಾವುದೂ ಬೆಕ್ಕಿಗಲ್ಲ. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಅಂತೂ ಬೆಕ್ಕಿಗೆ ನಡುಕ, ಫಿಟ್ಸ್ ತಂದು ಕೊಲ್ಲುತ್ತೆ.

ಹುಳು ಉಸಿರಾಡುವುದು ಬಾಲದ ತುದಿಯಿಂದ, ತಲೆ ಮಾಂಸದೊಳಗೆ ಇರುತ್ತೆ. ಗೂಡಿಗೆ ಉಗುರುಬೆಚ್ಚಗಿನ ಸಲೈನ್ ತುಂಬಿ ಒಂದೆರಡು ನಿಮಿಷ ಬಿಟ್ಟರೆ ಉಸಿರಿಗಾಗಿ ಮೇಲೆ ಬರುತ್ತವೆ. ಆಗ ಮೊಂಡು ತುದಿಯ ಚಿಮುಟದಿಂದ ಒಂದೊಂದಾಗಿ ಹಿಡಿದು ತೆಗೆಯಬೇಕು. ಜೋರಾಗಿ ಎಳೆದು ತುಂಡು ಮಾಡಬಾರದು. ಅಂಚಿನ ಕೂದಲಿಗೆ ರವೆಯಂತೆ ಅಂಟಿರುವ ಬಿಳಿ ಮೊಟ್ಟೆಗಳನ್ನು ಟ್ರಿಮ್ ಮಾಡದಿದ್ದರೆ ಒಂದು ದಿನದೊಳಗೆ ಮತ್ತೆ ಹುಳು. ಆಳಕ್ಕೆ ಹೋಗಿದ್ದರೆ ಅರಿವಳಿಕೆ ಇಲ್ಲದೆ ಪೂರ್ತಿ ತೆಗೆಯಲಾಗದು. ಹುಳುವಿಗೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದು ವೈದ್ಯರ ಕೈಯಲ್ಲೇ ಇರಲಿ, ದನದ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಇರುತ್ತೆ, ಬೆಕ್ಕಿಗೆ ಬೇಕಾಗುವುದು ಹನಿಗಳ ಲೆಕ್ಕ. ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ತೆರೆದ ಗಾಯವಿರುವ ಬೆಕ್ಕನ್ನು ಸೊಳ್ಳೆಪರದೆಯೊಳಗೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ.

ಆಸ್ಪತ್ರೆ_ಪಾಳಿ · 10:15

ಮನುಷ್ಯರ ಕಡೆಯ ಮಾತು ಯಾರೂ ಎತ್ತಿಲ್ಲ. ಹಿಡಿಯುವಾಗ ಬೆಕ್ಕು ಕಚ್ಚಿದರೆ ಅದೇ ದಬ್ಬಣ ನಿಮ್ಮ ಬೆರಳಿನ ಗೆಣ್ಣಿಗೆ ಇಳಿಯುತ್ತೆ. ಪಾಶ್ಚುರೆಲ್ಲಾ ಒಂದು ದಿನದೊಳಗೇ ಕೆಂಪು, ಊತ, ಮಿಡಿಯುವ ನೋವು ತರುತ್ತೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು; ಅಂದಾಜಿನ 15 ಸಾಮಾನ್ಯವಾಗಿ ಮೂರೇ ನಿಮಿಷ. ಕೈಯ ಗೆಣ್ಣು, ಮಣಿಕಟ್ಟಿನ ಕಚ್ಚಿಗೆ ಊತ ಬರಲಿ ಅಂತ ಕಾಯದೆ ಅವತ್ತೇ ವೈದ್ಯರನ್ನು ಕಾಣಿ.

ರೇಬೀಸ್ ನಾಯಿಯದಷ್ಟೇ ಅಲ್ಲ. ರಕ್ತ ಬಂದ ಕಚ್ಚು ಮೂರನೇ ವರ್ಗ, ಅಂದರೆ ಅತಿ ಅಪಾಯದ್ದು: ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ. ಚರ್ಮದೊಳಗಿನ ಕ್ರಮದಲ್ಲಿ 0, 3, 7, 28ನೇ ದಿನ, ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಹಿಂದೆ ಪೂರ್ತಿ ಕೋರ್ಸ್ ಆದವರಿಗೆ 0 ಮತ್ತು 3 ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಿಲ್ಲ. ಸಾಕಿದ ಬೆಕ್ಕನ್ನು 10 ದಿನ ಕಣ್ಣಳತೆಯಲ್ಲಿ ಇಡಿ, ಆದರೆ 10 ದಿನ ಮುಗಿಯಲಿ ಅಂತ ಲಸಿಕೆ ಶುರು ಮಾಡದೆ ಕೂರಬೇಡಿ.

ಪಶುವೈದ್ಯ_ಮಲೆನಾಡು · 10:50

ಕಚ್ಚಿಸಿಕೊಂಡ ಬೆಕ್ಕಿಗೂ ಇದೇ ಪ್ರಶ್ನೆ. ರೇಬೀಸ್ ಲಸಿಕೆ ಚಾಲ್ತಿಯಲ್ಲಿದ್ದರೆ ಒಂದು ಬೂಸ್ಟರ್ ಕೂಡಲೇ. ಲಸಿಕೆಯೇ ಆಗಿಲ್ಲದಿದ್ದರೆ ಇಲ್ಲಿನ ರೂಢಿ 0, 3, 7, 14, 28. ಎದುರಾಳಿ ಯಾವುದು, ಹೇಗೆ ವರ್ತಿಸುತ್ತಿತ್ತು ಅನ್ನುವುದನ್ನು ವೈದ್ಯರಿಗೆ ಹೇಳಿ. ಹೊಸ ಗಾಯದ ಮೇಲೆ ಇನ್ನೊಂದು ಪ್ರಾಣಿಯ ಎಂಜಲು ಇರುತ್ತೆ, ಕೈಗವಸು ಹಾಕಿ ಅಂತ ಹೇಳುವುದು ಅದಕ್ಕೇ.

ಇನ್ನೆರಡು ವೈರಸ್ಸುಗಳು ಕಚ್ಚಿನಿಂದಲೂ ದಾಟುತ್ತವೆ, ಒಂದು ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವುದು, ಇನ್ನೊಂದು ಬೆಕ್ಕಿನ ಲ್ಯುಕೇಮಿಯಾದ್ದು: ಎಫ್‌ಐವಿ ಮತ್ತು ಎಫ್‌ಇಎಲ್‌ವಿ. ಎಫ್‌ಐವಿ ಮೊದಲು ಗೊತ್ತಾದದ್ದು 1986ರಲ್ಲಿ, ಕ್ಯಾಲಿಫೋರ್ನಿಯಾದ ಪೆಟಲೂಮಾದ ಬೆಕ್ಕುಗಳಲ್ಲಿ. ಮನುಷ್ಯರಿಗೆ ಬರುವುದಿಲ್ಲ. ಎಫ್‌ಐವಿ ಪರೀಕ್ಷೆ ನೋಡುವುದು ಪ್ರತಿಕಾಯವನ್ನು, ಅದು ಮೂಡಲು ಸಮಯ ಬೇಕು. ಇವತ್ತು ಮಾಡಿಸಿದರೆ ಈ ಜಗಳದ ಮೊದಲಿನ ಸ್ಥಿತಿ ಗೊತ್ತಾದೀತು. ಈ ಕಚ್ಚಿನಿಂದ ಬಂತೇ ಅಂತ ತಿಳಿಯಲು 60 ದಿನ ಬಿಟ್ಟು ಮತ್ತೆ ಮಾಡಿಸಬೇಕು.

ದಾರಿ ತಪ್ಪುವ ಗಾಯಗಳು ಯಾವುವು ಗೊತ್ತಿರಲಿ. ಎದೆಯ ಪಕ್ಕೆಯಲ್ಲಿ ಕಚ್ಚಿದ್ದು ಹೊರಗೆ ಮಾಯ್ದು, ವಾರಗಳ ಮೇಲೆ ಎದೆಗೂಡಿನಲ್ಲಿ ಕೀವು ತುಂಬಿರುತ್ತೆ. ಮಲಗಿರುವಾಗ ನಿಮಿಷಕ್ಕೆ ಎಷ್ಟು ಉಸಿರು ಎಣಿಸಿ. 30ರ ಒಳಗಿದ್ದರೆ ಸರಿ, 40 ದಾಟಿ ಹೊಟ್ಟೆ ಎಳೆಯುತ್ತಿದ್ದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಒಂದು ಗಂಟೆಯೂ ತಡ ಮಾಡುವಂತಿಲ್ಲ. ಬಾಲದ ಬುಡದ ಕಚ್ಚು ಬೆನ್ನೆಲುಬಿಗೆ ಇಳಿದರೆ ಬಾಲ ಜೋತುಬೀಳುತ್ತೆ, ಮೂತ್ರ ನಿಲ್ಲಬಹುದು. ಕೀಲಿನ ಮೇಲಿನ ಕಚ್ಚಿಗೆ ಕಾಲೂರದಿದ್ದರೆ ಕೀಲಿನೊಳಗೇ ಕೀವಿದೆಯೇ ನೋಡಬೇಕು. ಊದಿದ ಚರ್ಮ ಒತ್ತಿದಾಗ ಹಪ್ಪಳ ಮುರಿದ ಹಾಗೆ ಚರಪರ ಅಂದರೆ ಒಳಗೆ ಗಾಳಿ ಸೇರಿದೆ. ನಾಯಿ ಕಚ್ಚಿದ್ದಾದರೆ ಇಲ್ಲಿ ಹೇಳಿದ ಯಾವ ಮನೆ ಉಪಚಾರವೂ ಅನ್ವಯಿಸದು: ನಾಯಿ ಕಚ್ಚಿ ಒದರುತ್ತೆ, ಹೊರಗೆ ನಾಲ್ಕು ತೂತು, ಒಳಗೆ ಸ್ನಾಯು ಚಿಂದಿ.

ಹೆಂಚಿನಮೇಲೆ · ಬುಧವಾರ, ಸಂಜೆ 6:20

101.8. ತಿಳಿ ನೀರು ಬರುತ್ತಿದೆ, ನಾತ ಇಲ್ಲ. ಊಟ ಇನ್ನೂ ಅರ್ಧಂಬರ್ಧ. ಪ್ಲಾಸ್ಟಿಕ್ ಕೊರಳಪಟ್ಟಿ ಹಾಕಿದರೆ ಹಿಂದಕ್ಕೆ ನಡೆಯುತ್ತೆ, ಬಟ್ಟಲಿಗೆ ಬಾಯಿ ಎಟಕಲ್ಲ. ತೆಗೆದರೆ ನೆಕ್ಕುತ್ತೆ. ನೆಕ್ಕಿದರೆ ಗಾಯ ಮಾಯುತ್ತೆ ಅಂತ ಅಮ್ಮ ಹೇಳ್ತಾರೆ.

ಡ್ರೆಸ್ಸಿಂಗ್_ಟೇಬಲ್ · 6:45

ಅಮ್ಮನಿಗೆ ಹೇಳಿ, ಈ ಗಾಯ ಆದದ್ದೇ ಬೆಕ್ಕಿನ ಬಾಯಿಂದ. ನಾಲಿಗೆಯ ಮೇಲಿನ ಮುಳ್ಳು ಹೊಸ ಮಾಂಸವನ್ನು ತುರಿಮಣೆಯಂತೆ ಕೆರೆಯುತ್ತೆ, ಡ್ರೇನ್ ಕಿತ್ತು ತೆಗೆಯುತ್ತೆ.

ಪಟ್ಟಿಯ ಅಂಚು ಮೂಗಿನ ತುದಿಗಿಂತ 2 ಸೆಂ.ಮೀ. ಮಾತ್ರ ಮುಂದಿರಲಿ, ಅದಕ್ಕಿಂತ ಉದ್ದವಿದ್ದರೆ ಕತ್ತರಿಸಿ ಅಂಚಿಗೆ ಬಟ್ಟೆಯ ಟೇಪ್ ಸುತ್ತಿ. ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗಬೇಕು. ಬಟ್ಟಲಿನ ಬದಲು ಅಗಲ ಕಿರಿದಾದ, ಆಳವಿಲ್ಲದ ಸಾಸರ್ ತಗೊಂಡು ಇಟ್ಟಿಗೆಯಷ್ಟು ಎತ್ತರದ ಮೇಲಿಡಿ, ಪಟ್ಟಿ ಸಾಸರನ್ನು ಒಳಗೇ ಮುಚ್ಚಿಕೊಂಡು ಕೂರುತ್ತೆ. ಹಿಂದಕ್ಕೆ ನಡೆಯುವುದು ಒಂದು ದಿನದ ನಾಟಕ.

ಊಟ ಉಗುರುಬೆಚ್ಚಗೆ ಮಾಡಿ ಕೊಡಿ, ಜ್ವರದ ಮೂಗಿಗೆ ತಣ್ಣನೆಯ ಊಟದ ವಾಸನೆ ಹತ್ತಲ್ಲ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಅಥವಾ ಬಂಗುಡೆಯ ಬಸಿದ ನೀರನ್ನು ಅನ್ನದ ಮೇಲೆ ಸುರಿದರೆ ಸಾಮಾನ್ಯವಾಗಿ ಬಾಯಿ ಹಾಕುತ್ತವೆ. ಎರಡು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಕೊಬ್ಬು ಯಕೃತ್ತಿಗೆ ಏರಿ ಕಾಮಾಲೆ ಬರಬಹುದು. ಅರ್ಧಂಬರ್ಧ ತಿಂದರೂ ತಿನ್ನುತ್ತಿರಲಿ.

ಹೆಂಚಿನಮೇಲೆ · 7:02

ಡ್ರೇನ್ ಶುಕ್ರವಾರ ತೆಗೆಯುತ್ತಾರೆ. ಅದೇ ದಿನ ಬೀಜವನ್ನೂ ತೆಗೆಸಿಬಿಡಬಹುದೇ, ಎರಡು ಸಲ ಅರಿವಳಿಕೆ ಯಾಕೆ ಅಂತ?

ಪಶುವೈದ್ಯ_ಮಲೆನಾಡು · 7:30

ಡ್ರೇನ್ ತೆಗೆಯಲು ಅರಿವಳಿಕೆ ಬೇಕಿಲ್ಲ. ಎರಡು ಹೊಲಿಗೆ ಕತ್ತರಿಸಿ ಎಳೆದರೆ ಆಯಿತು, ಹತ್ತು ಸೆಕೆಂಡಿನ ಕೆಲಸ. ಕೀವಿನ ಗಾಯ ಮೈಮೇಲಿರುವಾಗ ತುರ್ತಿಲ್ಲದ ಶಸ್ತ್ರಚಿಕಿತ್ಸೆ ಬೇಡ. ಡ್ರೇನ್ ಇದ್ದ ತೂತುಗಳು ಮುಚ್ಚಲು ಇನ್ನು ಒಂದು ವಾರ ಹಿಡಿಯುತ್ತೆ, ಅಲ್ಲಿಯವರೆಗೆ ತೊಳೆಯುವುದು ದಿನಕ್ಕೆ ಒಂದು ಸಲ, ಹೊರಗಿನ ಹಕ್ಕಳೆ ಮಾತ್ರ ಒರೆಸಿ. ಮಾತ್ರೆ 7 ದಿನ ಪೂರ್ತಿ. ಜ್ವರವಿಲ್ಲದೆ, ಚೆನ್ನಾಗಿ ತಿನ್ನುತ್ತಾ ಎರಡು ವಾರ ಕಳೆದ ಮೇಲೆ ಬೀಜ ತೆಗೆಸಿ. ಬಹುಪಾಲು ಗಂಡುಗಳಲ್ಲಿ ಅಲೆದಾಟ, ಕಾದಾಟ ಇಳಿಯುತ್ತೆ, ಆದರೆ ಮಾರನೆಯ ದಿನವೇ ಅಲ್ಲ. ರಕ್ತದಲ್ಲಿರುವ ಹಾರ್ಮೋನು ಕರಗಿ ಚಟ ಬಿಡಲು ಕೆಲವು ವಾರ ಬೇಕು, ಆ ದಿನಗಳಲ್ಲಿ ಸಂಜೆಯ ಮೇಲೆ ಬಾಗಿಲು ಹಾಕಿಡಿ.

ಎರಡು ವಾರಕ್ಕೂ ಮಾಯದೆ ಅದೇ ತೂತಿನಿಂದ ಒಸರುತ್ತಿದ್ದರೆ ಮತ್ತೆ ಆಂಟಿಬಯೋಟಿಕ್ ಬರೆಸಿಕೊಳ್ಳುವ ಮುಂಚೆ ಎಕ್ಸ್-ರೇ ಮತ್ತು ಕೀವಿನ ಕಲ್ಚರ್ (ಒಳಗಿನ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ. ಎದುರಾಳಿಯ ಹಲ್ಲಿನ ಚೂರು, ಉಗುರಿನ ಹೊಟ್ಟು, ಒಂದು ಹುಲ್ಲುಕಡ್ಡಿ ಒಳಗೆ ಉಳಿದಿದ್ದರೂ ಸಾಕು. ಕಲ್ಚರಿಗೆ ಕಳಿಸುವಾಗ ಗಾಳಿ ಬೇಡದವುಗಳಿಗೂ ಬೇಕು ಅಂತ ಚೀಟಿಯಲ್ಲಿ ಬರೆಸಿ. ಬರೆಯದಿದ್ದರೆ ಲ್ಯಾಬಿನವರು ಮಾಮೂಲಿನದು ಮಾತ್ರ ಮಾಡಿ ಏನೂ ಬೆಳೆಯಲಿಲ್ಲ ಅಂತ ವರದಿ ಕೊಡುತ್ತಾರೆ.